ಪಾಲಿಗೆ ಬಿಟ್ಟ ಉಣ್ಣೆಮರಿಗಳು

ನನ್ನ ಹೊಲಿಗೆ ಅಂಗಡಿಗೂ ಲೋಹಿತನ ಆನ್‌ಲೈನ್ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಚಳ್ಳಕೆರೆಯ ಪಾವಗಡ ರಸ್ತೆಯಲ್ಲಿ ಬಾಡಿಗೆಗೆಂದು ಕಟ್ಟಿದ ಮಳಿಗೆಗಳ ಗೋಡೆ ಎಷ್ಟು ದಪ್ಪ ಇರುತ್ತದೆ ಎಂದು ಬಾಡಿಗೆ ಕಟ್ಟುವವರಿಗೆ ಹೇಳಬೇಕಾಗಿಲ್ಲ. ಅವನು ಆ ಕಡೆ ಸೀನಿದರೆ ನಾನು ಈ ಕಡೆ ಸೂಜಿ ಚುಚ್ಚಿಕೊಳ್ಳುತ್ತೇನೆ. ಹಾಗಾಗಿ ಅವನ ಬದುಕಿನಲ್ಲಿ ನನಗೆ ಗೊತ್ತಿಲ್ಲದ್ದು ಬಹಳ ಕಡಿಮೆ. ಈಗ ಹೇಳಹೊರಟಿರುವುದೊಂದು ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು.

ಲೋಹಿತ ಕೊಂಡ್ಲಹಳ್ಳಿಯವನು. ಕುರಿ ಕಾಯುವ ಮನೆತನ. ಅಪ್ಪ ಹೋದ ಮೇಲೆ ಮಂದೆಯೂ ಹೋಯಿತು, ಇವನು ಐಟಿಐ ಮುಗಿಸಿ ಇಲ್ಲಿಗೆ ಬಂದು ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಮಿಷನ್ನು ಇಟ್ಟುಕೊಂಡು ಕೂತ. ಪಹಣಿ, ಜಾತಿ ಸರ್ಟಿಫಿಕೇಟು, ಬೆಳೆ ವಿಮೆ, ಪಿಂಚಣಿ. ಶೇಂಗಾ ಕಿತ್ತು ಬೆರಳ ಗೆರೆಯೇ ಸವೆದುಹೋದ ಮುದುಕಿಯರು ಬಂದರೆ ಮಿಷನ್ನು ಹೆಬ್ಬೆಟ್ಟು ಹಿಡಿಯುವುದಿಲ್ಲ. ಬೇರೆ ಅಂಗಡಿಯವರು ನಾಳೆ ಬಾ ಎನ್ನುತ್ತಾರೆ. ಇವನು ತನ್ನ ಕುಡಿಯುವ ನೀರಿನಲ್ಲೇ ಆ ಬೆರಳು ತೊಳೆದು, ತನ್ನ ಅಂಗಿಗೇ ಒರೆಸಿ, ಹಿಡಿಯುವ ತನಕ ಒತ್ತಿಸುತ್ತಿದ್ದ. ಇಂಥವನು ಉದ್ಧಾರ ಆಗುವುದಿಲ್ಲ ಎಂದು ನಾನು ಅವನ ಮುಖಕ್ಕೇ ಹೇಳಿದ್ದೇನೆ. ಅವನು ನಗುತ್ತಿದ್ದ.

ಅವನ ಅಂಗಡಿಗೆ ಒಂದು ದಿನ ಗೋವರ್ಧನರು ಬಂದರು. ಊರಿಗೆಲ್ಲ ಗೊತ್ತಿರುವ ಹಳೆಯ ಎಣ್ಣೆ ಮಿಲ್ಲಿನ ಯಜಮಾನರು. ಮಿಲ್ಲು ನಿಂತು ಎಷ್ಟೋ ಕಾಲವಾಗಿತ್ತು. ಶೇಂಗಾ ಚೀಲ ಒಟ್ಟುತ್ತಿದ್ದ ಗೋದಾಮಿನಲ್ಲಿ ಈಗ ಆಟದ ಸಾಮಾನು. ತಗಡಿನ ಬಸ್ಸು, ಕೀಲಿ ಕೊಟ್ಟರೆ ಓಡುವ ರೈಲು, ಚನ್ನಪಟ್ಟಣದ ಬೊಂಬೆ, ಮಣ್ಣೆತ್ತು, ಜೋಳದ ದಂಟಿನ ಬಂಡಿ, ಯಾರದೋ ಮನೆಯ ಅಟ್ಟದಿಂದ ತಂದ ಮಗು ನಡೆ ಕಲಿಯುವ ಮೂರು ಗಾಲಿಯ ನಡೆಬಂಡಿ. ಮಕ್ಕಳು ಎಸೆದಿದ್ದನ್ನೆಲ್ಲ ಮುದುಕ ಆಯ್ದಿಟ್ಟುಕೊಂಡಿದ್ದಾನೆ ಎಂದು ಊರು ಆಡಿಕೊಳ್ಳುತ್ತಿತ್ತು.

"ನನ್ನ ಗೊಂಬೆ ನನಗೇ ಸಿಗವಲ್ಲವು ಕಣಪ್ಪ," ಎಂದರು ಗೋವರ್ಧನರು. "ಅದೇ ಬಸ್ಸನ್ನ ಎರಡು ಸಲ ಕೊಂಡ್ಕೊಂಡಿದೀನಿ. ಯಾವುದು ಎಲ್ಲೈತೆ ಅಂತ ಕಂಪ್ಯೂಟರ್‌ನಾಗೆ ಕಾಣೋ ಹಂಗೆ ಏನಾರ ಮಾಡ್ತೀಯಾ? ಊರೋರೂ ಫೋನ್‌ನಾಗೆ ನೋಡ್ಲಿ."

"ಮಾಡಿ ಗೊತ್ತಿಲ್ಲ ಸಾಹುಕಾರ್ರೇ."

"ಕಲ್ತು ಮಾಡು. ಬರೀ ನನ್ನದು ಅನ್ಕೋಬ್ಯಾಡ. ಇಬ್ಬರದೂ ಅನ್ಕೊ. ಅರ್ಧ ನಿನ್ನದು."

ಅವರು ಪ್ರೀತಿಯಿಂದಲೇ ಹೇಳಿದರು, ಅದರಲ್ಲಿ ಮೋಸವಿರಲಿಲ್ಲ. ಆದರೆ ಪೇಟೆಯವರ ಬಾಯಲ್ಲಿ ಅರ್ಧ ನಿನ್ನದು ಎನ್ನುವುದು ಊಟ ಮಾಡಿಕೊಂಡು ಹೋಗು ಎಂದ ಹಾಗೆ. ಕುರಿಯವರಲ್ಲಿ ಹಾಗಲ್ಲ. ಅವರಲ್ಲಿ ಪಾಲಿಗೆ ಬಿಡುವುದು ಅಂತ ಇದೆ. ಒಡೆಯನ ಕುರಿಯನ್ನು ಇನ್ನೊಬ್ಬ ಸಾಕುತ್ತಾನೆ, ಹುಟ್ಟಿದ ಮರಿಯಲ್ಲಿ ಅರ್ಧ ಅವನಿಗೆ. ಅದಕ್ಕೆ ಕಾಗದ ಪತ್ರ ಇಲ್ಲ. ಕಾಗದ ಕೇಳಿದರೆ ಎದುರಿನವರನ್ನು ಕಳ್ಳರೆಂದ ಹಾಗೆ. ಸಾಕುವವನು ಒಡೆಯನ ಕುರಿಯ ಕಿವಿಗೆ ತನ್ನ ಮನೆಯ ಗುರುತು ಹಾಕಬಾರದು. ಮತ್ತೆ, ಕುರಿ ಸತ್ತರೆ ಅದರ ಗುರುತಿನ ಕಿವಿ ಕೊಯ್ದು ತಂದು ಒಡೆಯನಿಗೆ ತೋರಿಸಬೇಕು. ಕಿವಿ ತರಲಿಲ್ಲವೆಂದರೆ ಕುರಿ ಸತ್ತಿಲ್ಲ, ಇವನು ಮಾರಿಕೊಂಡಿದ್ದಾನೆ ಎಂದೇ ಲೆಕ್ಕ. ಲೋಹಿತ ಈ ಕಟ್ಟುಪಾಡನ್ನು ಹಾಗೇ ತಲೆಯಲ್ಲಿಟ್ಟುಕೊಂಡು ವೆಬ್‌ಸೈಟ್ ಕಟ್ಟಲು ಕೂತ. ಅವನನ್ನು ಏನೆಂದು ಬಯ್ಯಲಿ?

ಕಲಿಯುವುದನ್ನು ಯೂಟ್ಯೂಬಿನಲ್ಲೇ ಕಲಿತ. ಒಂದೊಂದು ಆಟಿಕೆಗೂ ಒಂದೊಂದು ಪುಟ: ಯಾವ ರ‍್ಯಾಕಿನಲ್ಲಿದೆ, ಎಲ್ಲಿಂದ ಬಂತು, ಮಾಡಿದವರು ಯಾರು, ಆಡಿದ ಮಗು ಯಾರು. ಒಂದೊಂದಕ್ಕೂ ಕ್ಯೂಆರ್ ಚೀಟಿ. ಫೋಟೋಗೆ ಹಿಂದೆ ಕಟ್ಟಲು ನನ್ನ ಲೈನಿಂಗ್ ಬಟ್ಟೆ ಒಯ್ದ, ಇನ್ನೂ ವಾಪಸು ಕೊಟ್ಟಿಲ್ಲ. ಗೋವರ್ಧನರ ಹಳೆಯ ಗ್ರಾಮಫೋನಿನ ತಟ್ಟೆಯ ಮೇಲೆ ಗೊಂಬೆ ಇಟ್ಟು, ಸ್ವಲ್ಪ ಸ್ವಲ್ಪವೇ ತಿರುಗಿಸಿ ಫೋಟೋ ಹಿಡಿದು, ನೋಡುವವರು ಬೆರಳಾಡಿಸಿದರೆ ಫೋನಿನಲ್ಲೇ ಗೊಂಬೆ ತಿರುಗುವ ಹಾಗೆ ಮಾಡಿದ. ಬಟ್ಟೆ, ಉಣ್ಣೆಯ ಗೊಂಬೆಗಳನ್ನು ಅಮಾವಾಸ್ಯೆಗೊಮ್ಮೆ ಬಿಸಿಲಿಗೆ ಹಾಕಿ ಎಂದು ತನಗೂ ಗೋವರ್ಧನರಿಗೂ ಫೋನಿಗೆ ಮೆಸೇಜು ಬರುವ ಹಾಗೆ ಇಟ್ಟ. ಮೆಸೇಜು ಬಂದೊಡನೆ ಅಂಗಡಿಗೆ ಬೀಗ ಹಾಕಿ ಮಿಲ್ಲಿನ ಕಣಕ್ಕೆ ಓಡುವವನೂ ಅವನೇ.

ಇನ್ನೊಂದು ಮಾಡಿದ. ಮುರಿದುಹೋದ ಗೊಂಬೆಯ ಪುಟ ತೆಗೆಯಬೇಕೆಂದರೆ ಸುಮ್ಮನೆ ತೆಗೆಯಲು ಬರುತ್ತಿರಲಿಲ್ಲ. ಮುರಿದದ್ದರ ಒಂದು ಚೂರನ್ನಾದರೂ ಕ್ಯಾಮೆರಾಗೆ ಹಿಡಿದು ಫೋಟೋ ಹಾಕಬೇಕು. ಆ ಗುಂಡಿಯ ಮೇಲೆ 'ಕಿವಿ ತೋರಿಸಿ' ಎಂದು ಬರೆದಿದ್ದ. ಗೋವರ್ಧನರು ಅದನ್ನು ಓದಿ ಕೆಮ್ಮು ಬರುವ ತನಕ ನಕ್ಕರು. "ನನ್ನನ್ನೂ ನಂಬಲ್ಲ ಕಣ್ರೀ ಇವನು," ಎಂದು ನನ್ನ ಅಂಗಡಿಗೆ ಬಂದು ಹೇಳಿ ಹೋದರು. ಖುಷಿಯಾಗಿದ್ದರು.

ಸೈಟಿನ ಹೆಸರು, ಪಾಸ್‌ವರ್ಡು, ಈಮೇಲು ಎಲ್ಲ ಗೋವರ್ಧನರ ಹೆಸರಲ್ಲೇ ಮಾಡಿಸಿದ್ದ. ಕೆಳಗೆ ಎಲ್ಲೋ ಒಂದು ಕಡೆ 'ಕಟ್ಟಿದವರು ಲೋಹಿತ' ಅಂತಾದರೂ ಹಾಕಿಕೊಳ್ಳೋ ಎಂದೆ.

"ಸಾಕೋನು ತನ್ನ ಗುರುತು ಹಾಕ್ತಾನೇನ್ರಿ ಶಾಂತಕ್ಕ?" ಎಂದ.

ಅವನ ಅವ್ವ ಬೋರಕ್ಕ ಆಗಾಗ ಬಿ.ಜಿ. ಕೆರೆಗೆ ಬಂದು ಬಸ್ಸು ಹಿಡಿದು ಮಗನನ್ನು ನೋಡಲು ಬರುತ್ತಿದ್ದಳು. ಆ ಅಂಗಡಿಯಲ್ಲಿ ಕೂರಲು ಜಾಗವಿಲ್ಲದ್ದರಿಂದ ನನ್ನ ಅಂಗಡಿಯಲ್ಲೇ ಕೂರುತ್ತಿದ್ದಳು. ಮಾತು ಕನ್ನಡ, ಸಿಟ್ಟು ತೆಲುಗು. ಒಂದು ಸಲ ಲೋಹಿತ ಅವಳ ಕೈಗೆ ಫೋನು ಕೊಟ್ಟು ತಗಡಿನ ಬಸ್ಸು ತೋರಿಸಿದ. ಅವಳು ಬೆರಳಿಂದ ಅದನ್ನು ಒಂದು ಸುತ್ತು ತಿರುಗಿಸಿದಳು, ಮತ್ತೊಂದು ಸುತ್ತು ತಿರುಗಿಸಿದಳು. ಆಮೇಲೆ, "ನಮ್ಮ ವನಜಿ ಮರಿಗಳ್ನ ಇದರಾಗೆ ಹಾಕ್ತೀಯೇನೋ?" ಎಂದಳು.

ವನಜಾಕ್ಷಿ ಲೋಹಿತನ ಅಕ್ಕ. ಮಂದೆಯ ಹಿಂದೆ ಹೋಗಿ ಯಾರದೋ ಹೊಲದಲ್ಲಿ ಬಿಡಾರ ಹಾಕಿದ್ದಾಗ ಜ್ವರ ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡ ಹುಡುಗಿ. ಶಾಲೆಗೆ ಇನ್ನೂ ಸೇರಿಸಿರಲಿಲ್ಲ, ಅದಕ್ಕೇ ಒಂದು ಫೋಟೋ ಸಹ ಇಲ್ಲ. ಇದ್ದದ್ದು ಆ ಮರಿಗಳು. ಉಣ್ಣೆ ಕತ್ತರಿಸಿದಾಗಲೆಲ್ಲ ಬೋರಕ್ಕ ಉಳಿದ ಉಣ್ಣೆ ಉಂಡೆ ಕಟ್ಟಿ, ಕಂಬಳಿಗೆ ಹಾಕುವ ಹುಣಸೆಬೀಜದ ಗಂಜಿಯಲ್ಲಿ ಅದ್ದಿ ಗಟ್ಟಿ ಮಾಡಿ, ಮಗಳಿಗೊಂದು ಕುರಿಮರಿ ಮಾಡಿಕೊಡುತ್ತಿದ್ದಳು. ಒಂದು ಕರಿದು, ಒಂದು ಕೆಂಚು, ಒಂದಕ್ಕೆ ಹಣೆಯಲ್ಲಿ ಬಿಳಿ. ಎಲ್ಲದರ ಬಲಗಿವಿಗೂ ಮನೆಯ ಗುರುತಿನ ಹಾಗೆ ಕಚ್ಚು. ಹುಡುಗಿ ಸುತ್ತ ಕಲ್ಲು ಜೋಡಿಸಿ ರೊಪ್ಪ ಮಾಡಿ, ಸಂಜೆಗೆ ಅವನ್ನು ಕೂಡುತ್ತಿದ್ದಳಂತೆ. ಒಂದು ಹೊರಗುಳಿದರೂ ಊಟಕ್ಕೆ ಏಳುತ್ತಿರಲಿಲ್ಲವಂತೆ.

ಮುಂದಿನ ಸಲ ಬಂದಾಗ ಬೋರಕ್ಕ ಬೇವಿನ ಸೊಪ್ಪು ಹಾಕಿದ ಕೈಚೀಲದಲ್ಲಿ ಮರಿಗಳನ್ನು ತಂದಳು. ನನ್ನ ಅಂಗಡಿಯಲ್ಲಿ, ನನ್ನ ಕಣ್ಣೆದುರಿಗೇ, ಲೋಹಿತನ ಟವೆಲು ಹಾಸಿಸಿ ಒಂದೊಂದಾಗಿ ಎಣಿಸದೆ ಇಟ್ಟಳು. ಕುರಿಯವರು ಮಂದೆ ಎಣಿಸುವುದಿಲ್ಲ.

"ದಾನ ಕೊಡ್ತಿಲ್ಲ," ಎಂದಳು. "ಆ ಸಾಹುಕಾರ್ರಿಗೂ ಕೊಡ್ತಿಲ್ಲ. ನಿನ್ನ ಕೈಗೆ ಪಾಲಿಗೆ ಬಿಡ್ತಿದೀನಿ. ಯಾರ ರೊಪ್ಪದಾಗೆ ಕೂಡ್ತೀಯೋ ಕೂಡು, ಕೇಳೋದು ನಾನು ನಿನ್ನ. ಒಂದು ಸತ್ರೂ ಕಿವಿ ತರ್ಬೇಕು."

"ತರ್ತೀನಿ ಬಿಡವ್ವ," ಎಂದು ಲೋಹಿತ ನಕ್ಕ. ಅವಳು ನಗಲಿಲ್ಲ.

ಆ ಮರಿಗಳ ಪುಟವೇ ಎಲ್ಲಕ್ಕಿಂತ ಚೆನ್ನಾಗಿ ಓಡಿತು. ಮಾಡಿದವರು ಬೋರಕ್ಕ, ಕೊಂಡ್ಲಹಳ್ಳಿ, ಆಡಿದವರು ವನಜಾಕ್ಷಿ. ಯಾರ‍್ಯಾರೋ ಎಲ್ಲೆಲ್ಲಿಂದಲೋ ನೋಡಿ, ನಮ್ಮಜ್ಜಿಯೂ ಇಂಥದ್ದು ಮಾಡುತ್ತಿದ್ದರು ಎಂದು ಬರೆಯುತ್ತಿದ್ದರು. ಲೋಹಿತ ಅವನ್ನು ಅವ್ವನಿಗೆ ಓದಿ ಹೇಳುತ್ತಿದ್ದ. ಅವಳಿಗೆ ಬೇಕಾದದ್ದು ಒಂದೇ ಸಾಲು. "ಅವಳ ಹೆಸರು ಐತಲ್ಲ, ಅದನ್ನ ಓದು," ಎನ್ನುತ್ತಿದ್ದಳು. ಓದಿದರೆ ಎದ್ದು ಬಸ್ಸಿಗೆ ಹೋಗುತ್ತಿದ್ದಳು.

ಆಮೇಲೆ ಗೋವರ್ಧನರಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಮಾತು ಬಿತ್ತು. ಮಿಲ್ಲು, ಮನೆ, ಗೋದಾಮು ಎಲ್ಲವನ್ನೂ ಮಗಳು ಶೃತಿ ನೋಡಿಕೊಳ್ಳತೊಡಗಿದಳು. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಬೀದಿಯಲ್ಲಿ ನಿಂತು ನಾಲ್ಕು ಮಾತು ಬೈದು ಹೊಟ್ಟೆ ತಣ್ಣಗೆ ಮಾಡಿಕೊಳ್ಳಬಹುದಿತ್ತು. ಅವಳು ಲೋಹಿತನಿಗೆ ಕುರ್ಚಿ ಕೊಟ್ಟು, ಕಾಫಿ ಕೊಟ್ಟು, ಬಹುವಚನದಲ್ಲೇ ಮಾತಾಡಿದಳು.

"ಅಪ್ಪನ ಸಲುವಾಗಿ ನೀವು ತುಂಬಾ ಕಷ್ಟಪಟ್ಟಿದ್ದೀರಿ ಲೋಹಿತ್. ಇನ್ನು ಬೇಡ. ಒಂದು ಕಂಪನಿಗೆ ಕೊಟ್ಟಿದ್ದೀನಿ, ಅವರು ಹೊಸದಾಗಿ ಮಾಡ್ತಾರೆ."

"ಉಣ್ಣೇವು ಬಿಸಿಲಿಗೆ ಹಾಕ್ಬೇಕು ಮೇಡಂ. ಅಮಾಸೆಗೊಂದು ಸಲ. ಇಲ್ಲಾಂದ್ರೆ ನುಸಿ ಬೀಳ್ತವೆ."

"ನೋಟ್ ಮಾಡ್ಕೊಂಡೆ," ಎಂದಳು ಶೃತಿ. ಮಾಡಿಕೊಂಡೂ ಇರಬಹುದು.

ಮಾರನೆಯ ವಾರ ಲೋಹಿತನ ಪಾಸ್‌ವರ್ಡು ಕೆಲಸ ಮಾಡಲಿಲ್ಲ. ಗೋದಾಮಿನ ಬೀಗ ಬದಲಾಗಿತ್ತು. ಹೊಸ ಸೈಟು ಬಂತು, ಬಣ್ಣ ಬಣ್ಣದ್ದು, ಅರ್ಧ ಇಂಗ್ಲಿಷಿನಲ್ಲಿ. ಗೊಂಬೆಗಳು ಮಾತ್ರ ಇವನು ನನ್ನ ಲೈನಿಂಗ್ ಬಟ್ಟೆಯ ಮುಂದೆ ಕೂರಿಸಿದ್ದವೇ ತಿರುಗುತ್ತಿದ್ದವು. ಮಾಡಿದವರ, ಆಡಿದವರ ಹೆಸರಿನ ಸಾಲನ್ನು ತೆಗೆದುಹಾಕಿದ್ದರು. ಅಮಾವಾಸ್ಯೆಯ ಮೆಸೇಜು ನಿಂತುಹೋಯಿತು. 'ಕಿವಿ ತೋರಿಸಿ' ಗುಂಡಿಯೂ ಹೋಯಿತು. ಒಂದು ಪುಟ ತೆಗೆಯಲು ಇಷ್ಟೆಲ್ಲ ಯಾಕೆ ಎಂದು ಆ ಕಂಪನಿಯವರು ಕೇಳಿದರಂತೆ.

"ಹೋಗಿ ಆ ಮರಿಗಳನ್ನಾದರೂ ತಗೊಂಡು ಬಾರೋ," ಎಂದು ನಾನು ಬಾಯಿ ನೋಯುವಷ್ಟು ಹೇಳಿದೆ. "ಅವು ನಿಮ್ಮವು. ಕೇಳಿದರೆ ಕೊಡ್ತಾರೆ."

"ಪಾಲು ಬಿಡಿಸೋದು ಅಂದ್ರೆ ಒಡೇರು ಎದುರಿಗೆ ಕೂತು ಬಿಡಿಸ್ಬೇಕು ಶಾಂತಕ್ಕ. ಸಾಹುಕಾರ್ರು ಮಲಗ್ಬಿಟ್ಟವ್ರೆ. ಕಾಯಿಲೆ ಬಿದ್ದೋರ ಬಾಗಿಲಿಗೆ ಹೋಗಿ ನಮ್ಮ ಕುರಿ ಕೊಡ್ರಿ ಅಂತ ಹೆಂಗೆ ನಿಂತ್ಕಳ್ಳಿ? ಅವರು ಒಂಚೂರು ಸುಧಾರಿಸ್ಕಳ್ಳಿ, ಕೇಳ್ತೀನಿ."

ಮರ್ಯಾದೆ! ಕೊಂಡ್ಲಹಳ್ಳಿಯ ಹಟ್ಟಿಯಲ್ಲಿ ನಡೆಯುವ ಮರ್ಯಾದೆಯನ್ನು ಪಾವಗಡ ರಸ್ತೆಯಲ್ಲಿ ಇಟ್ಟುಕೊಂಡು ಕೂತಿದ್ದ. ಎದುರಿನವರಿಗೆ ಹೀಗೊಂದು ಕಟ್ಟುಪಾಡು ಇದೆ ಎಂದೇ ಗೊತ್ತಿಲ್ಲ. ಇವನು ಒಬ್ಬನೇ ಅದನ್ನು ಪಾಲಿಸಿದ, ಒಬ್ಬನೇ ಕಾದ. ಮಳೆಗಾಲ ಕಳೆಯುವ ತನಕ ಕಾದ.

ದೀಪಾವಳಿಯ ಮುಂಚೆ ಬೋರಕ್ಕ ಬಂದು, ಎಂದಿನಂತೆ, "ಅವಳ ಹೆಸರು ಓದು," ಎಂದಳು. ಹೆಸರು ಹೋಗಿದೆ ಎಂದು ಅವಳಿಗೆ ಅವನು ಹೇಳಿರಲಿಲ್ಲ. ಮರಿಗಳ ಚಿತ್ರ ನೋಡುತ್ತ ಬಾಯಿಂದಲೇ ಓದಿದ ಹಾಗೆ ಮಾಡುತ್ತಿದ್ದ. ಆ ದಿನ ಚಿತ್ರವೂ ಬರಲಿಲ್ಲ. ಈ ಪುಟ ಸಿಗುತ್ತಿಲ್ಲ ಎಂದು ಬಂತು. ನೆಟ್‌ವರ್ಕ್ ಇಲ್ಲ ಎಂದು ಅವ್ವನನ್ನು ಬಸ್ಸು ಹತ್ತಿಸಿ, ಬಂದವನೇ ನನ್ನ ಅಂಗಡಿಯ ಬಾಗಿಲಲ್ಲಿ ನಿಂತ. ಮುಖ ನೋಡಿ ನಾನು ಮಿಷನ್ನಿನಿಂದ ಎದ್ದೆ.

ಇಬ್ಬರೂ ಮಿಲ್ಲಿಗೆ ಹೋದೆವು. ಶೃತಿ ನಮ್ಮನ್ನು ವರಾಂಡದಲ್ಲೇ ಕೂರಿಸಿ ಎಲ್ಲ ಹೇಳಿದಳು. ಉಣ್ಣೆಗೆ ನುಸಿ ಬಿದ್ದಿತ್ತಂತೆ, ಪಕ್ಕದ ಬಟ್ಟೆಯ ಗೊಂಬೆಗಳಿಗೂ ಹತ್ತಿತ್ತಂತೆ. ಔಷಧಿ ಹೊಡೆಯಲು ಬಂದವರು ಇವನ್ನು ಇಟ್ಟುಕೊಂಡರೆ ಬಾಕಿಯವೂ ಹೋಗುತ್ತವೆ ಎಂದರಂತೆ. ಹಿತ್ತಲಲ್ಲಿ ಕಸದ ಜೊತೆ ಸುಟ್ಟರು, ಸೈಟಿನಲ್ಲಿ ಪುಟ ತೆಗೆದರು.

"ಅವು ನಿಮ್ಮ ಮನೆಯವು ಅಂತ ನನಗೆ ನಿಜವಾಗ್ಲೂ ಗೊತ್ತಿರಲಿಲ್ಲ," ಎಂದಳು. "ನಿಮ್ಮ ತಾಯಿ ಇದ್ದಾರಲ್ವಾ? ಹೊಸದಾಗಿ ಮಾಡಿಕೊಡ್ಲಿ. ಮಾಡೋದನ್ನ ವಿಡಿಯೋ ಮಾಡಿ ಹಾಕೋಣ, ಚೆನ್ನಾಗಿರುತ್ತೆ."

ಬೋರಕ್ಕನ ಬೆರಳುಗಳು ವಾತದಿಂದ ಮಡಚಿಕೊಂಡು ಎಷ್ಟೋ ವರ್ಷವಾಗಿದೆ. ತಲೆ ಬಾಚಲು ಪಕ್ಕದ ಮನೆಯವರು ಬೇಕು. ನಾನು ಹೇಳಲು ಬಾಯಿ ತೆರೆದೆ, ಲೋಹಿತ ಬೇಡವೆಂದು ಕೈ ಒತ್ತಿದ.

"ಒಂದು ಚೂರಾದ್ರೂ ಉಳಿದೈತಾ ಮೇಡಂ? ಕಿವಿಯಷ್ಟು?" ಎಂದು ಕೇಳಿದ.

ಶೃತಿಗೆ ಅರ್ಥವಾಗಲಿಲ್ಲ. ಹಿತ್ತಲಿನ ಗುಂಡಿ ತೋರಿಸಿದಳು. ಮಳೆಗೆ ಬೂದಿ ಕೆಸರಾಗಿತ್ತು, ಮೇಲೆ ಹೊಸ ಕಸ ಬಿದ್ದಿತ್ತು. ಲೋಹಿತ ಪ್ಯಾಂಟು ಮಡಚಿ ಇಳಿದ. ಕೈಯಿಂದ ಬಗೆದ, ಬಗೆದದ್ದನ್ನು ಹಿಂಡಿ ನೋಡಿದ. ನಾನೂ ಸೀರೆ ಎತ್ತಿಕಟ್ಟಿ ಒಂದು ಕಡ್ಡಿ ಹಿಡಿದು ಕೆದಕಿದೆ. ಪ್ಲಾಸ್ಟಿಕ್ ಕರಗಿದ ಗಂಟು, ಬಾಟಲಿ ಮುಚ್ಚಳ, ಮೊಳೆ. ಉಣ್ಣೆ ಸುಟ್ಟರೆ ಏನು ಉಳಿಯುತ್ತದೆ? ಏನೂ ಉಳಿಯುವುದಿಲ್ಲ.

ವಾಪಸು ಬರುವಾಗ ವರಾಂಡದ ಗಾಲಿಕುರ್ಚಿಯಲ್ಲಿ ಗೋವರ್ಧನರನ್ನು ತಂದು ಕೂರಿಸಿದ್ದರು. ಲೋಹಿತನ ಕೆಸರು ಕೈ ನೋಡಿದರು. ಎಡಗೈಯನ್ನು ಮೆಲ್ಲಗೆ ಎತ್ತಿ ತಮ್ಮ ಕಿವಿ ಹಿಡಿದುಕೊಂಡರು. ತಪ್ಪಾಯಿತು ಎಂದರೋ, ಕಿವಿ ಸಿಕ್ಕಿತೇ ಎಂದು ಕೇಳಿದರೋ, ಆ ಬಾಯಿಂದ ತಿಳಿಯುವ ಹಾಗಿರಲಿಲ್ಲ. ಲೋಹಿತ ಅವರ ಕಾಲು ಮುಟ್ಟಿ ಬಂದ. ನನಗೆ ಅದನ್ನು ನೋಡಿ ಮೈ ಉರಿದುಹೋಯಿತು.

"ಒಬ್ಬನೇ ಹೋಗಾಕೆ ಆಗಲ್ಲ ಶಾಂತಕ್ಕ, ಬರ್ರಿ," ಎಂದದ್ದಕ್ಕೆ ಕೊಂಡ್ಲಹಳ್ಳಿಗೂ ನಾನೇ ಜೊತೆಗೆ ಹೋದೆ. ಬೋರಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಲೋಹಿತ ಕೆಳಗೆ ಕೂತು ನಡೆದದ್ದನ್ನೆಲ್ಲ ಹೇಳಿದ. ಏನನ್ನೂ ಮುಚ್ಚಿಡಲಿಲ್ಲ, ಯಾರ ಮೇಲೂ ಹಾಕಲಿಲ್ಲ. ಅವಳು ಕೇಳಿಸಿಕೊಂಡಳು. ಅಳಲಿಲ್ಲ. ಕೈ ಚಾಚಿದಳು.

"ಚೆವುಲು ಏವಿರಾ?" ಎಂದಳು. ಕಿವಿಗಳು ಎಲ್ಲೋ ಎಂದು.

"ಇಲ್ಲವ್ವ. ಬೂದಿ ಎಲ್ಲಾ ಹುಡುಕ್ದೆ."

ಅವನು ಲ್ಯಾಪ್‌ಟಾಪ್ ತೆರೆದ. ಹಳೆಯ ಫೋಟೋಗಳೆಲ್ಲ ಅವನ ಹತ್ತಿರ ಇದ್ದವು. ಕರಿ ಮರಿ ತಿರುಗಿತು, ಕೆಂಚು ಮರಿ ತಿರುಗಿತು. ಬಲಗಿವಿಯ ಕಚ್ಚನ್ನು ದೊಡ್ಡದು ಮಾಡಿ ತೋರಿಸಿದ. ಎಷ್ಟು ಸೊಗಸಾಗಿ ಹಿಡಿದಿದ್ದನೆಂದರೆ ಉಣ್ಣೆಯ ಒಂದೊಂದು ಎಳೆ ಕಾಣುತ್ತಿತ್ತು.

"ಪಟ ಕೇಳಿಲ್ಲ ನಾನು," ಎಂದಳು ಬೋರಕ್ಕ. "ಕಿವಿ ತರದೋನು ಕುರಿ ಸತ್ತೈತೆ ಅಂದ್ರೆ ಯಾರು ನಂಬ್ತಾರೆ? ಮಾರ್ಕೊಂಡೆ ಅನ್ನು."

"ಅವ್ವಾ..."

"ನಿಮ್ಮಕ್ಕನ್ನ ಮಾರ್ಕೊಂಡೆ ಅನ್ನು."

ಬೋರಕ್ಕಾ, ಏನು ಮಾತಾಡ್ತೀಯ, ನಾನೇ ಕಂಡಿದ್ದೀನಿ ಎಂದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ. ಲೋಹಿತ ವಾದಿಸಲಿಲ್ಲ. ಆ ಕಟ್ಟುಪಾಡಿನಲ್ಲಿ ವಾದಕ್ಕೆ ಜಾಗವಿಲ್ಲ, ಅದನ್ನು ಅವನೇ ಗುಂಡಿ ಮಾಡಿ ಕಂಪ್ಯೂಟರಿನಲ್ಲಿ ಕೂರಿಸಿದ್ದವನು. ಲ್ಯಾಪ್‌ಟಾಪ್ ಮುಚ್ಚಿ ಎದ್ದ.

ನನಗೆ ಸಿಟ್ಟು ಇಳಿದಿಲ್ಲ. ಶೃತಿಯ ಮೇಲೆ ಇದೆ, ಹೆಸರು ಅಳಿಸಿದವರ ಮೇಲೆ ಇದೆ, ಕಾಯುತ್ತ ಕೂತ ಈ ದಡ್ಡನ ಮೇಲೆ ಇದೆ. ಬೋರಕ್ಕನ ಮೇಲೂ ಇದೆ. ಸತ್ತ ಮಗಳಿಗಾಗಿ ಬದುಕಿರುವ ಮಗನನ್ನು ಕಳ್ಳನೆನ್ನುವುದು ಯಾವ ನ್ಯಾಯ? ಲೋಹಿತ ಈಗಲೂ ಪಹಣಿ ತೆಗೆಯುತ್ತಾನೆ, ಮುದುಕಿಯರ ಬೆರಳು ತೊಳೆಯುತ್ತಾನೆ. ನಗುವುದು ಕಡಿಮೆ. ಮೊನ್ನೆ ಯಾರೋ ಅಂಗಡಿಯವರು ನಮಗೂ ಒಂದು ಸೈಟ್ ಮಾಡಿಕೊಡು ಎಂದು ಬಂದಿದ್ದರು, ನನಗೆ ಬರೋದಿಲ್ಲ ಸಾರ್ ಎಂದು ಕಳಿಸಿಬಿಟ್ಟ.

ಬೋರಕ್ಕ ಬರುವುದನ್ನು ನಿಲ್ಲಿಸಿಲ್ಲ. ಬಸ್ಸಿಳಿದು, ಅವನ ಅಂಗಡಿಯನ್ನು ನೋಡದೆ ದಾಟಿ, ನನ್ನ ಅಂಗಡಿಯಲ್ಲಿ ಕೂರುತ್ತಾಳೆ. ಅವನು ಹೋಟೆಲಿನಿಂದ ಚಹಾ ಕಳಿಸುತ್ತಾನೆ. ಯಾರು ಕಳಿಸಿದ್ದು ಎಂದು ಕೇಳುತ್ತಾಳೆ. ನಾನೇ ತರಿಸಿದ್ದು ಎನ್ನುತ್ತೇನೆ. ಆಗ ಕುಡಿಯುತ್ತಾಳೆ. ಮಡಚಿದ ಬೆರಳುಗಳ ನಡುವೆ ಲೋಟ ಸಿಕ್ಕಿಸಿಕೊಂಡು, ಗೋಡೆಯ ಕಡೆಗೆ ಬೆನ್ನು ಮಾಡಿ ಕೂತು, ಪ್ರತಿ ಸಲವೂ ದನಿ ತಗ್ಗಿಸದೆ ಅದನ್ನೇ ಕೇಳುತ್ತಾಳೆ.

"ಒಂದಾದ್ರೂ ಕಿವಿ ಸಿಕ್ತೇನವ್ವ ಅವನಿಗೆ?"

ಗೋಡೆಯ ಆ ಕಡೆ ಕೀಬೋರ್ಡಿನ ಸದ್ದು ನಿಲ್ಲುತ್ತದೆ. ಇನ್ನೂ ಇಲ್ಲ ಬೋರಕ್ಕ ಎನ್ನುತ್ತೇನೆ.

"ಹುಡುಕ್ಲಿ," ಎನ್ನುತ್ತಾಳೆ. "ಹುಡುಕಾಕೆ ಹೇಳು."